ಶ್ರುತಿ ಏರಿತು, ಮಾತು ನಿಂತಿತು: ಧ್ವನಿ ಬದಲಾವಣೆಯ ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು, ಅವರ ವಯಸ್ಸು, ಉದ್ಯೋಗ ಮತ್ತು ಮನೆಯವರ ವಿವರಗಳನ್ನು ಗುರುತು ಸಿಗದಂತೆ ಮಾರ್ಪಡಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಅವರು ಮೂವತ್ತರ ಆಸುಪಾಸಿನ ಟ್ರಾನ್ಸ್ ಮಹಿಳೆ. ವೈದ್ಯರ ಉಸ್ತುವಾರಿಯಲ್ಲಿ ಹಾರ್ಮೋನ್ ಚಿಕಿತ್ಸೆ ಆರಂಭಿಸಿ ವರ್ಷ ಕಳೆದಿತ್ತು. ಹೆಸರು ಬದಲಾಗಿತ್ತು, ಕಚೇರಿಯಲ್ಲಿ ವಿಷಯ ತಿಳಿಸಿಯಾಗಿತ್ತು, ಮನೆಯಲ್ಲಿ ಅಕ್ಕನ ಬೆಂಬಲವೂ ಇತ್ತು. ಆಪ್ತಸಲಹೆಗೆ ಬರಲು ಕಾರಣವೆಂದು ಅವರು ಬರೆದುಕೊಟ್ಟದ್ದು ನಿದ್ರಾಹೀನತೆ ಮತ್ತು ಜನರ ನಡುವೆ ಇರಲಾಗದ ಆತಂಕವನ್ನು ಮಾತ್ರ. ಧ್ವನಿಯ ಪ್ರಸ್ತಾಪ ಅದರಲ್ಲಿರಲಿಲ್ಲ. ಆದರೆ ಮೊದಲ ಭೇಟಿಯಲ್ಲಿ ನನ್ನ ಪ್ರಶ್ನೆಗಳಿಗೆ ಅವರು ತಲೆಯಾಡಿಸಿ, ಇಲ್ಲವೇ ಒಂದೆರಡು ಪದಗಳಲ್ಲಿ, ಅದೂ ಉಸಿರು ಬೆರೆತ ತೆಳುವಾದ ದನಿಯಲ್ಲಿ ಉತ್ತರಿಸುತ್ತಿದ್ದರು. ದೀರ್ಘ ಉತ್ತರ ಬೇಕಾದ ಕಡೆ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದರು.

ಮುಂದಿನ ಭೇಟಿಗಳಲ್ಲಿ ಚಿತ್ರ ತೆರೆದುಕೊಂಡಿತು. ಫೋನಿನಲ್ಲಿ ಅಪರಿಚಿತರೊಬ್ಬರು ಅವರನ್ನು "ಸರ್" ಎಂದು ಕರೆದ ದಿನದಿಂದ ಅವರು ಕರೆಗಳನ್ನು ಸ್ವೀಕರಿಸುವುದನ್ನೇ ಬಿಟ್ಟಿದ್ದರು. ಅಂಗಡಿಗೆ ಹೋದರೆ ಬೇಕಾದುದನ್ನು ಬೆರಳಿನಿಂದ ತೋರಿಸುತ್ತಿದ್ದರು, ಕಚೇರಿಯ ಆನ್‌ಲೈನ್ ಸಭೆಗಳಲ್ಲಿ ಮೈಕ್ ಕೆಟ್ಟಿದೆಯೆಂದು ಹೇಳಿ ಬರಹದಲ್ಲೇ ಉತ್ತರಿಸುತ್ತಿದ್ದರು, ಕೆಮ್ಮು ಬಂದರೆ ಅದುಮಿಡುತ್ತಿದ್ದರು. ನಗುವುದನ್ನು ಕೂಡ ನಿಲ್ಲಿಸಿದ್ದರು, ಏಕೆಂದರೆ ನಕ್ಕಾಗ ಹಳೆಯ ದನಿ ತಾನಾಗಿ ಹೊರಗೆ ಬಂದುಬಿಡುತ್ತಿತ್ತು. ಈ ಮೌನದ ಹಿಂದೆ ಮಾತ್ರ ಪ್ರತಿರಾತ್ರಿ ಕಠಿಣ ಅಭ್ಯಾಸ ನಡೆಯುತ್ತಿತ್ತು: ಶ್ರುತಿಯನ್ನು, ಅಂದರೆ ದನಿಯ ಏರಿಳಿತದ ಮಟ್ಟವನ್ನು, ಅಂಕಿಯಲ್ಲಿ ತೋರಿಸುವ ಆ್ಯಪ್ ಒಂದನ್ನು ಎದುರಿಗಿಟ್ಟುಕೊಂಡು, 220 ಹರ್ಟ್ಜ್ (ಸೆಕೆಂಡಿಗೆ 220 ಕಂಪನ) ತಲುಪಲೇಬೇಕೆಂದು ಹಟ ಹಿಡಿದು, ಗಂಟಲು ನೋಯುವವರೆಗೆ ಓದುತ್ತಿದ್ದರು. ಬೆಳಗ್ಗೆ ಏಳುವಾಗ ದನಿ ಗೊಗ್ಗರಾಗಿರುತ್ತಿತ್ತು; ಅದನ್ನು ಕೇಳಿ ರಾತ್ರಿಯ ಅಭ್ಯಾಸ ಸಾಲಲಿಲ್ಲವೆಂದು ತೀರ್ಮಾನಿಸಿ, ಮರುರಾತ್ರಿ ಇನ್ನಷ್ಟು ಹೊತ್ತು ಓದುತ್ತಿದ್ದರು.

ನಾನು ನೀಡಿದ ಮೊದಲ ಸಲಹೆ ಮನಸ್ಸಿಗೆ ಸಂಬಂಧಿಸಿದ್ದಾಗಿರಲಿಲ್ಲ. ಮೂರು ವಾರ ಕಳೆದರೂ ಸರಿಹೋಗದ ಗೊಗ್ಗರು ದನಿಯನ್ನು, ಅದಕ್ಕೆ ಕಾರಣ ಗೊತ್ತಿದೆಯೆಂದು ಅನ್ನಿಸಿದರೂ, ಇಎನ್‌ಟಿ ವೈದ್ಯರು ಧ್ವನಿತಂತುಗಳನ್ನು ನೇರವಾಗಿ ನೋಡಿ ಪರೀಕ್ಷಿಸಬೇಕು ಎಂದು ಹೇಳಿ, ಅಲ್ಲಿಯವರೆಗೆ ರಾತ್ರಿಯ ಅಭ್ಯಾಸವನ್ನು ಸಂಪೂರ್ಣ ನಿಲ್ಲಿಸಲು ಕೇಳಿಕೊಂಡೆ. ಪರೀಕ್ಷೆಯಲ್ಲಿ ಗಂಟುಗಳೇನೂ ಕಾಣಲಿಲ್ಲ. ಧ್ವನಿಪೆಟ್ಟಿಗೆಯ ಸುತ್ತಲಿನ ಸ್ನಾಯುಗಳು ಅತಿಯಾಗಿ ಬಿಗಿದುಕೊಂಡಿರುವುದೇ ತೊಂದರೆಯೆಂದು ವೈದ್ಯರು ತಿಳಿಸಿ, ಧ್ವನಿ ತರಬೇತಿಯಲ್ಲಿ ಅನುಭವವಿರುವ ಸ್ಪೀಚ್ ಥೆರಪಿಸ್ಟ್ ಒಬ್ಬರ ಬಳಿಗೆ ಕಳುಹಿಸಿದರು. ಅಲ್ಲಿಂದ ಮುಂದಿನ ಕೆಲಸ ಎರಡು ಕಡೆ ಹಂಚಿಹೋಯಿತು: ಗಂಟಲಿನ ಕೆಲಸ ಅವರದು, ಗಂಟಲನ್ನು ಬಿಗಿಯುತ್ತಿದ್ದ ಭಯದ ಕೆಲಸ ನನ್ನದು. ಟ್ರಾನ್ಸ್‌ಜೆಂಡರ್ ಆರೋಗ್ಯಸೇವೆಗಾಗಿ ಆ ಕ್ಷೇತ್ರದ ವೃತ್ತಿಪರರ ಅಂತರರಾಷ್ಟ್ರೀಯ ಸಂಘವಾದ ಡಬ್ಲ್ಯುಪಾತ್ (WPATH) 2022ರಲ್ಲಿ ಪ್ರಕಟಿಸಿದ ಮಾನದಂಡಗಳ 8ನೆಯ ಆವೃತ್ತಿಯಲ್ಲಿ ಧ್ವನಿ ಮತ್ತು ಸಂವಹನಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಹೀಗಿದ್ದರೂ ಅನೇಕರು ಧ್ವನಿಯನ್ನು ಒಬ್ಬಂಟಿಯಾಗಿ, ಬಾಗಿಲು ಮುಚ್ಚಿಕೊಂಡು ತಿದ್ದಿಕೊಳ್ಳಬೇಕಾದ ಖಾಸಗಿ ದೋಷವೆಂದೇ ಭಾವಿಸುತ್ತಾರೆ.

ಹಾರ್ಮೋನ್ ಸರಿಯಾಗಿ ಕೆಲಸ ಮಾಡಿದ್ದರೆ ದನಿ ತಾನಾಗಿಯೇ ಏರಬೇಕಿತ್ತು ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು, ಮತ್ತು ಅದು ಆಗದೆ ಇದ್ದುದರಿಂದ ತಮ್ಮ ದೇಹವೇ ತಮಗೆ ಎದುರು ನಿಂತಿದೆಯೆಂದು ಅವರು ಅಳುತ್ತಿದ್ದರು. ಇಲ್ಲಿ ಸಮಾಧಾನದ ಮಾತಿಗಿಂತ ಸರಿಯಾದ ಮಾಹಿತಿಯೇ ಹೆಚ್ಚು ಉಪಕಾರ ಮಾಡಿತು. ಹರೆಯದಲ್ಲಿ ಟೆಸ್ಟೊಸ್ಟೆರಾನ್ ಪ್ರಭಾವದಿಂದ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ. ಹಾಗೆ ಬೆಳೆದದ್ದನ್ನು ಈಸ್ಟ್ರೊಜೆನ್ ಹಿಂದಕ್ಕೆ ಕುಗ್ಗಿಸುವುದಿಲ್ಲ. ಟೆಸ್ಟೊಸ್ಟೆರಾನ್ ತೆಗೆದುಕೊಳ್ಳುವ ಟ್ರಾನ್ಸ್ ಪುರುಷರ ದನಿ ಕೆಲವು ತಿಂಗಳುಗಳಲ್ಲಿ ತಗ್ಗಲಾರಂಭಿಸುವುದನ್ನು ನೋಡಿದವರು ಇದರ ವಿರುದ್ಧ ದಿಕ್ಕಿನಲ್ಲೂ ಹಾಗೆಯೇ ಆಗಬೇಕೆಂದು ನಿರೀಕ್ಷಿಸುವುದು ಸಹಜ, ಆದರೆ ಹಾಗಾಗುವುದಿಲ್ಲ. ಇದನ್ನು ಕೇಳಿದಾಗ ಅವರು, "ಹಾಗಾದರೆ ನನ್ನ ಔಷಧ ವಿಫಲವಾಗಿಲ್ಲವೇ, ಮೇಡಂ?" ಎಂದು ಕೇಳಿದರು. ಹರೆಯದ ನಂತರ ಆರಂಭಿಸಿದ ಯಾರಿಗೂ ಈಸ್ಟ್ರೊಜೆನ್ ಆ ಕೆಲಸ ಮಾಡಿಕೊಟ್ಟಿಲ್ಲವೆಂದು ಉತ್ತರಿಸಿದೆ.

220 ಎಂಬ ಗುರಿಯ ಬಗ್ಗೆ ಥೆರಪಿಸ್ಟ್ ನೀಡಿದ ವಿವರಣೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಆತಂಕದ ದೊಡ್ಡ ಪಾಲು ಆ ಅಂಕಿಯಲ್ಲೇ ಅಡಗಿತ್ತು. ವಯಸ್ಕ ಪುರುಷರ ಸಾಮಾನ್ಯ ಮಾತಿನ ಶ್ರುತಿ ಸುಮಾರು 100ರಿಂದ 130 ಹರ್ಟ್ಜ್, ಮಹಿಳೆಯರದು ಸುಮಾರು 180ರಿಂದ 220 ಹರ್ಟ್ಜ್. ಇವೆರಡರ ನಡುವೆ, ಸರಿಸುಮಾರು 145ರಿಂದ 175ರವರೆಗೆ, ಕೇಳುವವರು ಶ್ರುತಿಯೊಂದರಿಂದಲೇ ಹೆಣ್ಣೋ ಗಂಡೋ ಎಂದು ಹೇಳಲಾಗದ ಪ್ರದೇಶವಿದೆ. ಸಲಹಾರ್ಥಿಯ ಸಹಜ ಶ್ರುತಿ 110ರ ಹತ್ತಿರವಿತ್ತು. ಸಂಗೀತದ ಪರಿಚಯವಿದ್ದವರಿಗೆ ಲೆಕ್ಕ ತಕ್ಷಣ ಹೊಳೆಯುತ್ತದೆ: 110 ಷಡ್ಜವಾದರೆ 165 ಅದರ ಪಂಚಮ, 220 ಮೇಲಿನ ಷಡ್ಜ. ಅಂದರೆ ಅವರು ಬೆಳಗಿನಿಂದ ರಾತ್ರಿಯವರೆಗೆ ತಮ್ಮ ಮಾತನ್ನೆಲ್ಲ ಒಂದು ಸ್ಥಾಯಿ ಮೇಲಕ್ಕೆತ್ತಿ ಹಿಡಿದಿಡಲು ಹೊರಟಿದ್ದರು. ಕ್ಷಣಕಾಲ ಅಲ್ಲಿಗೆ ತಲುಪುವುದು ಸಾಧ್ಯ. ತರಬೇತಿಯಿಲ್ಲದ ಗಂಟಲಿನಲ್ಲಿ ಅಲ್ಲೇ ನಿಂತು ತರಕಾರಿಯ ಬೆಲೆ ಕೇಳುವುದು, ಜಗಳವಾಡುವುದು, ನಗುವುದು ಬೇರೆಯೇ ಮಾತು. ಕೂಡಲೇ ಅವರ ಗುರಿಯನ್ನು 160ರ ಆಸುಪಾಸಿಗೆ ಇಳಿಸಲಾಯಿತು. ಅವರು ಇದನ್ನು ಸೋಲೆಂದು ತಿಳಿದರು. ಒಪ್ಪಿಕೊಳ್ಳಲು ಸಮಯ ಹಿಡಿಯಿತು.

ಅವರನ್ನು ಒಪ್ಪಿಸಿದ್ದು ಪಿಸುಮಾತು. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸುವುದಿಲ್ಲವಾದ್ದರಿಂದ ಅಲ್ಲಿ ಶ್ರುತಿಯೇ ಇರುವುದಿಲ್ಲ. ಆದರೂ ಪಿಸುಗುಡುತ್ತಿರುವುದು ಹೆಣ್ಣೋ ಗಂಡೋ ಎಂದು ಕಿವಿ ಬಹುಮಟ್ಟಿಗೆ ಗುರುತಿಸಿಬಿಡುತ್ತದೆ. ಕಾರಣ ಅನುರಣನ, ಅಂದರೆ ಗಂಟಲು ಮತ್ತು ಬಾಯಿಯ ಟೊಳ್ಳಿನಲ್ಲಿ ದನಿ ಮೊಳಗುವ ರೀತಿ. ಧ್ವನಿತಂತುಗಳಿಂದ ತುಟಿಯವರೆಗಿನ ದಾರಿ ಪುರುಷರಲ್ಲಿ ಸರಾಸರಿ 17 ಸೆಂಟಿಮೀಟರ್‌ನಷ್ಟಿದ್ದರೆ, ಮಹಿಳೆಯರಲ್ಲಿ 14ರಿಂದ 15 ಸೆಂಟಿಮೀಟರ್ ಇರುತ್ತದೆ. ದಾರಿ ಚಿಕ್ಕದಾದಷ್ಟು ದನಿಯ ಬಣ್ಣ ತಿಳಿಯಾಗುತ್ತದೆ. ನಾಲಿಗೆಯನ್ನು ಸ್ವಲ್ಪ ಮುಂದಕ್ಕೆ ತರುವುದು, ಧ್ವನಿಪೆಟ್ಟಿಗೆಯನ್ನು ಒತ್ತಡವಿಲ್ಲದೆ ತುಸು ಮೇಲಕ್ಕೆ ಇರಿಸುವುದು, ಮುಗುಳುನಗೆಯಲ್ಲಿ ಅಗಲವಾಗುವಂತೆ ತುಟಿಗಳನ್ನು ಹರಡುವುದು ಇವುಗಳಿಂದ ಆ ದಾರಿಯ ಆಕಾರವನ್ನು ಅಭ್ಯಾಸದ ಮೂಲಕ ಬದಲಿಸಲು ಸಾಧ್ಯ. ಶ್ರುತಿ ಮಾತ್ರ ಏರಿ ಅನುರಣನ ಹಾಗೆಯೇ ಉಳಿದರೆ ಕೇಳುವವರಿಗೆ ಗಂಡಸೊಬ್ಬರು ದನಿ ಎತ್ತರಿಸಿದಂತೆ ಅನ್ನಿಸಬಹುದು. ಅವರು ಅಷ್ಟೊಂದು ಹೆದರುತ್ತಿದ್ದ ಫೋನಿನ ವಿಷಯದಲ್ಲಂತೂ ಇದು ಇನ್ನೂ ಮುಖ್ಯ: ಸಾಂಪ್ರದಾಯಿಕ ದೂರವಾಣಿ ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಕಂಪನಗಳನ್ನಷ್ಟೇ ಸಾಗಿಸುವುದರಿಂದ, ಅವರು ರಾತ್ರಿಯೆಲ್ಲ ಬೆನ್ನಟ್ಟಿದ್ದ ಮೂಲಶ್ರುತಿ ಆ ಕಡೆಯವರ ಕಿವಿಗೆ ನೇರವಾಗಿ ತಲುಪುವುದೇ ಇಲ್ಲ, ಮೇಲಿನ ಕಂಪನಗಳಿಂದ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ಇದನ್ನು ತಿಳಿದ ದಿನ ಅವರು ತುಂಬಾ ಹೊತ್ತು ನಕ್ಕರು, ಬಾಯಿ ಮುಚ್ಚಿಕೊಳ್ಳದೆ.

ಥೆರಪಿಸ್ಟ್ ಹೇಳಿಕೊಟ್ಟ ಅಭ್ಯಾಸಗಳು ಸರಳವಾಗಿದ್ದವು: ಸ್ಟ್ರಾ ಮೂಲಕ ನೀರಿನಲ್ಲಿ ಗುಳ್ಳೆ ಎಬ್ಬಿಸುತ್ತ ಸ್ವರ ಹೊರಡಿಸುವುದು, ಬಾಯಿ ಮುಚ್ಚಿ ಗುನುಗುವುದು, ಆಮೇಲೆ ಪದ, ವಾಕ್ಯ, ಮಾತುಕತೆ. ಸಣ್ಣ ಅವಧಿಗಳಲ್ಲಿ, ದಿನಕ್ಕೆ ಹಲವು ಬಾರಿ ಮಾಡಬೇಕು, ನೋವು ಬಂದ ಕೂಡಲೇ ನಿಲ್ಲಿಸಬೇಕು ಎಂಬುದು ಅವರ ಕಟ್ಟುನಿಟ್ಟಾದ ಷರತ್ತಾಗಿತ್ತು. ಆ್ಯಪ್ ಅನ್ನು ತೆಗೆದುಹಾಕಲು ನಾನು ಹೇಳಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಮಾತ್ರ ತೆರೆಯಲು, ಸಂಭಾಷಣೆಯ ನಡುವೆ ಎಂದೂ ತೆರೆಯದಿರಲು ಹೇಳಿದೆ. ತಮ್ಮ ದನಿಯ ರೆಕಾರ್ಡಿಂಗ್ ಕೇಳುವುದನ್ನೂ ವಾರಕ್ಕೊಮ್ಮೆಗೆ ಸೀಮಿತಗೊಳಿಸಿದೆವು. ಮಾತನಾಡುವಾಗ ನಮ್ಮ ದನಿ ಗಾಳಿಯ ಜೊತೆಗೆ ತಲೆಬುರುಡೆಯ ಮೂಳೆಗಳ ಮೂಲಕವೂ ನಮ್ಮ ಕಿವಿಗೆ ತಲುಪಿ ತುಂಬಿಕೊಂಡಂತೆ ಕೇಳುವುದರಿಂದ, ರೆಕಾರ್ಡಿಂಗ್‌ನಲ್ಲಿ ಅದು ಯಾರಿಗಾದರೂ ಅಪರಿಚಿತವಾಗಿಯೇ ಕೇಳಿಸುತ್ತದೆ. ಪ್ರತಿದಿನ ಅದನ್ನು ಕೇಳಿ ತೀರ್ಪು ಕೊಡುವುದು ಆತಂಕಕ್ಕೆ ಮೇವು ಹಾಕಿದಂತೆ.

ನನ್ನ ಪಾಲಿನ ಕೆಲಸದಲ್ಲಿ ಅತ್ಯಂತ ಕಠಿಣವಾದದ್ದು "ಇದೆಲ್ಲ ನಾಟಕ" ಎಂಬ ಅವರ ಭಾವನೆ. ಹೊಸ ದನಿಯಲ್ಲಿ ಮಾತನಾಡಿದಾಗಲೆಲ್ಲ ಯಾರನ್ನೋ ವಂಚಿಸುತ್ತಿದ್ದೇನೆ ಎಂದೂ, ಹಳೆಯ ದನಿಯಲ್ಲಿ ಮಾತನಾಡಿದರೆ ತಮಗೆ ತಾವೇ ಸುಳ್ಳಾಗುತ್ತೇನೆ ಎಂದೂ ಅವರಿಗೆ ಅನ್ನಿಸುತ್ತಿತ್ತು. ಈ ಎರಡರ ನಡುವೆ ಮೌನವೊಂದೇ ಪ್ರಾಮಾಣಿಕವಾಗಿ ಕಂಡಿತ್ತು. ನಾನು ಅವರ ನಂಬಿಕೆಯೊಡನೆ ವಾದಕ್ಕಿಳಿಯದೆ, ಒಂದು ವಾರ ಸುತ್ತಮುತ್ತಲಿನವರ ದನಿಯನ್ನು ಗಮನಿಸಿ ಬರಲು ಹೇಳಿದೆ. ಮಗುವಿನೊಡನೆ, ಮೇಲಧಿಕಾರಿಯೊಡನೆ, ಹಳೆಯ ಗೆಳತಿಯೊಡನೆ ಅಕ್ಕನ ದನಿ ಬೇರೆ ಬೇರೆಯಾಗಿರುವುದನ್ನು ಅವರು ಟಿಪ್ಪಣಿ ಮಾಡಿಕೊಂಡು ಬಂದರು. ಅವುಗಳಲ್ಲಿ ಯಾವುದು ಅಕ್ಕನ ನಿಜವಾದ ದನಿಯೆಂದು ಕೇಳಿದಾಗ ಉತ್ತರ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆದರೆ ಆ ಹೋಲಿಕೆಗೂ ಮಿತಿಯಿದೆಯೆಂದು ಅವರೇ ಎತ್ತಿ ತೋರಿಸಿದರು: ಅಕ್ಕನ ದನಿ ಜಾರಿದರೆ ಯಾರೂ ತಿರುಗಿ ನೋಡುವುದಿಲ್ಲ, ತಮ್ಮದು ಜಾರಿದರೆ ಬಸ್ಸಿನಲ್ಲಿ ಅಪಾಯವೂ ಆಗಬಹುದು. ಈ ಮಾತು ನಿಜ. ಟ್ರಾನ್ಸ್ ಮಹಿಳೆಯರ ಭಯವನ್ನು ಬರೀ ತಪ್ಪು ಗ್ರಹಿಕೆಯೆಂದು ತಳ್ಳಿಹಾಕುವ ಸಲಹೆಗಾರರ ಬಗ್ಗೆ ನನಗೆ ಸಹನೆಯಿಲ್ಲ.

ಆದ್ದರಿಂದ ನಾವು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡೆವು. ಅಪರಿಚಿತರ ನಡುವೆ ಸುರಕ್ಷಿತವಾಗಿರಲು ಎಂಥ ದನಿ ಬೇಕು ಎಂಬುದು ಒಂದು. ಯಾರೂ ಪರೀಕ್ಷಿಸದ ಜಾಗದಲ್ಲಿ ತಮಗೆ ಎಂಥ ದನಿ ಇಷ್ಟ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅವರ ಬಳಿ ನೂರು ಉತ್ತರಗಳಿದ್ದವು, ಎರಡನೆಯದನ್ನು ಅವರು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಹಲವು ಭೇಟಿಗಳ ನಂತರ, ಮೃದುವಾಗಿರಬೇಕು ಆದರೆ ತೆಳುವಾಗಿರಬಾರದು, ಸಿಟ್ಟು ಬಂದಾಗ ಸಿಟ್ಟು ಕೇಳಿಸಬೇಕು ಎಂದರು. ಆ ವಿವರಣೆಯನ್ನೇ ಬರೆದು ಥೆರಪಿಸ್ಟ್‌ಗೆ ಕೊಡಲು ಹೇಳಿದೆ. ಅಂದಿನಿಂದ ತರಬೇತಿಯ ಅಳತೆಗೋಲು ಅಂಕಿಯ ಬದಲು ಆ ಎರಡು ಸಾಲುಗಳಾದವು.

ಮೌನವನ್ನು ಮುರಿಯುವ ಕ್ರಮವನ್ನು ಮೆಟ್ಟಿಲು ಮೆಟ್ಟಿಲಾಗಿ ಇಬ್ಬರೂ ಸೇರಿ ರಚಿಸಿದೆವು. ಮೊದಲು ಅಕ್ಕನೊಡನೆ ಕೋಣೆಯಲ್ಲಿ, ನಂತರ ಅಕ್ಕನೊಡನೆ ಫೋನಿನಲ್ಲಿ, ನಂತರ ಮತ್ತೆಂದೂ ಎದುರಾಗದ ಅಪರಿಚಿತರಿಗೆ ಚಿಕ್ಕ ಕರೆ, ಕೊನೆಗೆ ಕಚೇರಿಯ ಸಭೆ. "ಸರ್" ಎಂದು ಯಾರಾದರೂ ಕರೆದರೆ ಹೇಳಬೇಕಾದ ವಾಕ್ಯವನ್ನು ಮೊದಲೇ ಸಿದ್ಧಪಡಿಸಿಕೊಂಡೆವು: "ಮೇಡಂ ಅನ್ನಿ, ಮುಂದೆ ಹೇಳಿ." ವಿವರಣೆಯೂ ಬೇಡ, ಕ್ಷಮೆಯೂ ಬೇಡ. ಕರೆಯನ್ನು ಮಧ್ಯದಲ್ಲಿ ಕಡಿಯುವ ಬದಲು ಈ ವಾಕ್ಯ ಹೇಳಿ ಕೆಲಸ ಮುಗಿಸಿದರೆ ಸಾಕು, ಆ ದಿನದ ಅಭ್ಯಾಸ ಪೂರ್ಣವಾದಂತೆ ಎಂದು ಒಪ್ಪಂದವಾಯಿತು.

ಅಕ್ಕನನ್ನೂ ಒಂದು ಭೇಟಿಗೆ ಕರೆಸಿದೆ, ಏಕೆಂದರೆ ಅವರು ಪ್ರೀತಿಯಿಂದಲೇ "ನಿನ್ನ ಮೊದಲಿನ ದನಿಯೇ ಚೆನ್ನಾಗಿತ್ತು ಕಣೆ, ಯಾಕಿಷ್ಟು ಕಷ್ಟಪಡ್ತೀಯ" ಎಂದದ್ದು ತಂಗಿಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಆ ಮಾತಿನಲ್ಲಿದ್ದದ್ದು ನಿರಾಕರಣೆಯಲ್ಲ, ತಂಗಿಯ ಗಂಟಲುನೋವನ್ನು ಕಂಡ ಸಂಕಟ ಎಂಬುದು ಇಬ್ಬರೂ ಎದುರೆದುರು ಕುಳಿತಾಗ ಸ್ಪಷ್ಟವಾಯಿತು. ಕೇಳದ ಹೊರತು ದನಿಯ ಬಗ್ಗೆ ಹೊಗಳಿಕೆಯಾಗಲಿ ತಿದ್ದುಪಡಿಯಾಗಲಿ ಬೇಡ, ದನಿ ಜಾರಿದಾಗ ಕಣ್ಣಿನಲ್ಲೂ ಎಚ್ಚರಿಸಬೇಡಿ, ಹೇಳುತ್ತಿರುವ ವಿಷಯಕ್ಕೆ ಉತ್ತರ ಕೊಡಿ ಎಂದಷ್ಟೇ ಅಕ್ಕನಿಗೆ ಸಲಹೆ ನೀಡಿದೆ. ಹೊಗಳಿಕೆಯೂ ಬೇಡವೇ ಎಂದು ಅವರಿಗೆ ಆಶ್ಚರ್ಯವಾಯಿತು. ಪ್ರತಿ ವಾಕ್ಯಕ್ಕೂ "ಚೆನ್ನಾಗಿ ಬಂತು" ಎನ್ನುವ ಶ್ರೋತೃವಿನ ಮುಂದೆ ಯಾರೂ ಮನಸ್ಸುಬಿಚ್ಚಿ ಹರಟಲಾರರು.

ಶಸ್ತ್ರಚಿಕಿತ್ಸೆಯ ಪ್ರಶ್ನೆಯನ್ನು ಅವರು ಆರಂಭದಿಂದಲೂ ಎತ್ತುತ್ತಿದ್ದರು. ಧ್ವನಿತಂತುಗಳ ಮುಂಭಾಗವನ್ನು ಹೊಲಿದು ಕಂಪಿಸುವ ಉದ್ದವನ್ನು ಕಡಿಮೆ ಮಾಡುವ ವಿಧಾನವೊಂದು, ಧ್ವನಿಪೆಟ್ಟಿಗೆಯ ಎರಡು ಮೃದ್ವಸ್ಥಿಗಳನ್ನು ಹತ್ತಿರಕ್ಕೆಳೆದು ತಂತುಗಳನ್ನು ಬಿಗಿಗೊಳಿಸುವ ವಿಧಾನವೊಂದು ಬಳಕೆಯಲ್ಲಿವೆ. ಎರಡನೆಯದರ ಪರಿಣಾಮ ಕಾಲಕ್ರಮೇಣ ಕುಗ್ಗಬಹುದು. ಎರಡೂ ಏರಿಸುವುದು ಶ್ರುತಿಯನ್ನು, ಬದಲಿಸಲಾರದ್ದು ಅನುರಣನವನ್ನು. ದನಿಯ ಜೋರು ತಗ್ಗುವ ಸಾಧ್ಯತೆಯಿದೆ, ಮೌನದ ಅವಧಿಯನ್ನು ಪಾಲಿಸಬೇಕಾಗುತ್ತದೆ, ಆಮೇಲೂ ತರಬೇತಿ ಬೇಕಾಗುತ್ತದೆ. ಬೇಕೆಂದಾಗಲಿ ಬೇಡವೆಂದಾಗಲಿ ಹೇಳುವುದು ನನ್ನ ಕೆಲಸವಲ್ಲವಾದ್ದರಿಂದ ಕ್ರಮದ ಬಗ್ಗೆ ಮಾತ್ರ ಸಲಹೆ ಕೊಟ್ಟೆ: ಮೊದಲು ತರಬೇತಿಯಿಂದ ಎಲ್ಲಿಯವರೆಗೆ ಹೋಗಬಹುದೆಂದು ನೋಡಿ, ಉಳಿದ ಕೊರತೆ ಏನೆಂದು ಹೆಸರಿಸಿ, ಆ ಕೊರತೆಯನ್ನು ಶಸ್ತ್ರಚಿಕಿತ್ಸೆ ತುಂಬುತ್ತದೆಯೇ ಎಂದು ವೈದ್ಯರನ್ನು ಕೇಳಿ, ಮತ್ತು ಆತಂಕದ ತುತ್ತತುದಿಯಲ್ಲಿದ್ದ ವಾರದಲ್ಲಿ ದಿನಾಂಕ ಗೊತ್ತುಮಾಡಬೇಡಿ.

ಈಗ ಅವರು ಕರೆಗಳನ್ನು ಸ್ವೀಕರಿಸುತ್ತಾರೆ, ಕಚೇರಿಯ ಸಭೆಗಳಲ್ಲಿ ಮಾತನಾಡುತ್ತಾರೆ, ಬೆಳಗಿನ ಗೊಗ್ಗರು ಹೋಗಿದೆ. ನಿದ್ದೆಯಿಂದ ಎದ್ದಾಗ, ಬೆಚ್ಚಿಬಿದ್ದಾಗ, ಶೀತವಾದಾಗ ದನಿ ತಗ್ಗುತ್ತದೆ. "ಸರ್" ಎಂಬ ಕರೆ ಇಲ್ಲವಾಗಿಲ್ಲ, ಆದರೆ ಅದಾದ ಮೇಲೆ ದಿನವಿಡೀ ಬಾಯಿ ಮುಚ್ಚಿ ಕೂರುವುದು ನಿಂತಿದೆ. ತೀರಾ ದಣಿದ ಸಂಜೆಗಳಲ್ಲಿ ಮನೆಯೊಳಗೆ ದನಿಯನ್ನು ಅದರ ಪಾಡಿಗೆ ಬಿಡುತ್ತೇನೆ ಎಂದು ಅವರೇ ನಿರ್ಧರಿಸಿದ್ದಾರೆ. ಶಸ್ತ್ರಚಿಕಿತ್ಸೆಯ ತೀರ್ಮಾನ ಇನ್ನೂ ಆಗಿಲ್ಲ. ಥೆರಪಿ ಮುಂದುವರಿದಿದ್ದು, ನನ್ನ ಬಳಿಗೆ ಬರುವುದನ್ನು ತಿಂಗಳಿಗೊಮ್ಮೆಗೆ ಇಳಿಸಿದ್ದೇವೆ.