ಮೂರರಲ್ಲಿ ಒಂದು ಎಂಬ ಲೆಕ್ಕ ನಿಮ್ಮ ಮನೆಯದಲ್ಲ

ಪ್ರಶ್ನೆ: ಮಗನಿಗೆ ಡುಶೆನ್ ಸ್ನಾಯುಕ್ಷಯ. ಎರಡೂ ಕಡೆಯ ವಂಶದಲ್ಲಿ ಯಾರಿಗೂ ಇಲ್ಲ. ಮೂರರಲ್ಲಿ ಒಂದು ಕೇಸು ಹೊಸ ಮ್ಯುಟೇಶನ್‌ನಿಂದ (ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆಯಿಂದ) ಬರುತ್ತದಂತೆ. ಹಾಗಾದರೆ ಎರಡನೇ ಮಗುವಿಗೆ ಭಯವಿಲ್ಲ ತಾನೇ?

ಉತ್ತರ: ಈ ‘ಮೂರರಲ್ಲಿ ಒಂದು’ ಹಿಡಿದುಕೊಂಡು ಬರುವವರಿಗೆ ಹೇಳಿ ಹೇಳಿ ಸಾಕಾಗಿದೆ. ಡುಶೆನ್ ಇರುವ ಹುಡುಗರಿಗೆ ಮಕ್ಕಳಾಗುವುದು ತೀರಾ ಅಪರೂಪ. ಕೆಟ್ಟ ಜೀನು ತಲೆಮಾರು ಕಳೆದಂತೆ ಕರಗಬೇಕಿತ್ತು, ಕರಗಿಲ್ಲ. ಹೋದಷ್ಟು ಹೊಸದಾಗಿ ಹುಟ್ಟುತ್ತಿದೆ ಎಂದಾಯಿತು. 1935ರಲ್ಲಿ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಹಿಮೋಫಿಲಿಯಾಕ್ಕೆ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಹಾಕಿದ ಲೆಕ್ಕವೂ ಈ ಜಾಡಿನದೇ. ಈ ಜೀನು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು. ಮೂರು ಎಕ್ಸ್‌ನಲ್ಲಿ ಒಂದು ಗಂಡಿನಲ್ಲಿರುವುದರಿಂದ, ಕೆಟ್ಟ ಜೀನುಗಳ ಮೂರನೇ ಒಂದು ಪಾಲು ಪ್ರತಿ ತಲೆಮಾರಿನಲ್ಲಿ ಅಲ್ಲೇ ಮುಗಿಯುತ್ತದೆ. ಅಷ್ಟನ್ನು ಹೊಸ ಮ್ಯುಟೇಶನ್ ತುಂಬುತ್ತದೆ. 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಕಾಯಿಲೆ ಎಂದಿಟ್ಟುಕೊಂಡರೆ ಮ್ಯುಟೇಶನ್ ದರ ಅದರ ಮೂರನೇ ಒಂದು, ಅಂದರೆ 15,000ಕ್ಕೆ ಒಂದು. ಒಂದೇ ಜೀನಿಗೆ ಇದು ವಿಪರೀತ. ಡುಶೆನ್‌ನಲ್ಲಿ ಕೆಡುವ ಡಿಸ್ಟ್ರೋಫಿನ್ ಜೀನಿನ ಉದ್ದ ಸುಮಾರು 22 ಲಕ್ಷ ಬೇಸ್‌ಗಳು (ಡಿಎನ್‌ಎಯ ಅಕ್ಷರಗಳು); ಅಷ್ಟು ದೊಡ್ಡದರಲ್ಲಿ ಎಲ್ಲಿ ಬೇಕಾದರೂ ತುಂಡು ಬೀಳಬಹುದು.

ಆದರೆ ಇದು ಇಡೀ ಜನಸಮೂಹದ ಸರಾಸರಿ. ಅದೂ ಗಂಡು ಹೆಣ್ಣು ಇಬ್ಬರಲ್ಲೂ ಮ್ಯುಟೇಶನ್ ದರ ಒಂದೇ ಎಂದುಕೊಂಡು ಹಾಕಿದ್ದು. ನಿಮ್ಮ ಹೆಂಡತಿಗೆ ಈ ಮ್ಯುಟೇಶನ್ ಅವರ ತಂದೆಯ ವೀರ್ಯದಲ್ಲೇ ಹೊಸದಾಗಿ ಹುಟ್ಟಿ ಬಂದಿರಬಹುದು. ಆಗ ವಂಶದಲ್ಲಿ ಯಾರಿಗೂ ಇರುವುದಿಲ್ಲ, ಅವರು ಮಾತ್ರ ವಾಹಕಿ, ಅಂದರೆ ಕೆಟ್ಟ ಜೀನನ್ನು ಹೊತ್ತು ಮಕ್ಕಳಿಗೆ ದಾಟಿಸಬಲ್ಲವರು. ಹುಟ್ಟುವ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಅಪಾಯ. ಮೊದಲು ಮಗನ ಜೀನ್ ರಿಪೋರ್ಟ್ ಬರಲಿ. ಅದರಲ್ಲಿ ಸಿಕ್ಕ ಮ್ಯುಟೇಶನ್ ತಾಯಿಯ ರಕ್ತದಲ್ಲಿದೆಯೇ ನೋಡಿಸಿ. ‘ಇಲ್ಲ’ ಎಂದು ಬಂದರೂ ಕುಣಿಯಬೇಡಿ: ರಕ್ತದಲ್ಲಿ ಕಾಣದ್ದು ಕೆಲವು ಅಂಡಾಣುಗಳಲ್ಲಿ ಅಡಗಿರಬಹುದು. ಹಾಗಾಗಿ ಮುಂದಿನ ಬಸಿರಿನಲ್ಲಿ 11ನೇ ವಾರದ ಹೊತ್ತಿಗೆ ನೋಂದಾಯಿತ ಜೆನೆಟಿಕ್ ಕೇಂದ್ರಕ್ಕೆ ಹೋಗಿ, ಭ್ರೂಣಕ್ಕೆ ಈ ಮ್ಯುಟೇಶನ್ ಇದೆಯೇ ನೋಡಿಸಿ ಎಂದೇ ನಾನು ಹೇಳುವುದು. ಕಾನೂನು ತಡೆಯುವುದು ಲಿಂಗಪತ್ತೆಯನ್ನು, ಇಂಥ ಕಾಯಿಲೆಯ ಪರೀಕ್ಷೆಯನ್ನಲ್ಲ.

ಪ್ರಶ್ನೆ: ಗ್ರಹಣದ ದಿನ ಹೊರಗೆ ಹೋಗಿದ್ದಕ್ಕೆ ಹೀಗಾಯಿತೇ?

ಉತ್ತರ: ಇಲ್ಲ. ಬಸುರಿಯನ್ನು ಬೈಯುವುದು ನಿಲ್ಲಿಸಿ.

ಪ್ರಶ್ನೆ: ಸೋದರಮಾವನನ್ನು ಮದುವೆಯಾದರೆ ಮ್ಯುಟೇಶನ್ ಹೆಚ್ಚುತ್ತದೆಯೇ?

ಉತ್ತರ: ಹೆಚ್ಚುವುದಿಲ್ಲ. ಮನೆತನದಲ್ಲಿ ಅಡಗಿದ್ದ ಹಳೆಯದೇ ಎರಡೂ ಕಡೆಯಿಂದ ಬಂದು ಸೇರುತ್ತದೆ. ಡುಶೆನ್ ಹುಡುಗನಿಗೆ ತಾಯಿಯ ಒಂದೇ ಎಕ್ಸ್‌ನಿಂದ ಬರುವುದರಿಂದ ಅದಕ್ಕೂ ಇಂಥ ಮದುವೆಗೂ ಸಂಬಂಧವಿಲ್ಲ.

ಪ್ರಶ್ನೆ: ಒಬ್ಬರು ಕೊಟ್ಟ ಪುಡಿಯಿಂದ ಮಗ ಚುರುಕಾಗಿದ್ದಾನೆ. ಜೀನ್ ಸರಿಯಾಗುತ್ತಿದೆಯೇ?

ಉತ್ತರ: ಪುಡಿಯಿಂದ ಜೀನ್ ಸರಿಯಾಗುವುದಿಲ್ಲ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು ಎಂಬುದು ನನ್ನ ಅನುಮಾನ. ಡುಶೆನ್‌ಗೆ ನಾವು ಅಳೆದು ಕೊಡುವ ಔಷಧವೂ ಸ್ಟೀರಾಯ್ಡೇ. ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಪೊಟ್ಟಣದ ಸಮೇತ ನಾಳೆಯೇ ವೈದ್ಯರ ಬಳಿ ಹೋಗಿ.