ಸಾರು ಬಾಯಿಗಿಟ್ರೆ ಉಗಿಯೋ ಎರಡು ವರ್ಷದ ಮಗಳಿಗೆ

ಮಗಳಿಗೆ ಎರಡು ತುಂಬಿದೆ, ಮೊಸರನ್ನ ಬಿಟ್ಟು ಏನೂ ಮುಟ್ಟಲ್ಲ, ಸಾರು ಕೊಟ್ರೆ ಉಗೀತಾಳೆ ಅಂದ್ರಲ್ಲ, ನಮ್ಮನೇಲೂ ಇದೇ ಕಥೆ ಆಗಿತ್ತು ಮೇಡಂ. ನಾನು ದೊಡ್ಡವರ ಸಾರಿಗೇ ನೀರು ಬೆರೆಸಿ ಕೊಡ್ತಿದ್ದೆ, ಅದ್ರಲ್ಲಿ ಖಾರನೂ ಪೂರ್ತಿ ಹೋಗಲ್ಲ, ರುಚಿನೂ ಇರಲ್ಲ, ದೊಡ್ಡ ತಪ್ಪು. ಆಮೇಲೆ ಬೇಳೆ ಬೆಂದು ಸಾರಿನಪುಡಿ ಹಾಕೋಕೆ ಮುಂಚೆನೇ ಒಂದು ಸೌಟು ಪಕ್ಕಕ್ಕೆ ತೆಗೆದು, ಅದಕ್ಕೆ ತುಪ್ಪದಲ್ಲಿ ಜೀರಿಗೆ, ಚಿಟಿಕೆ ಇಂಗು, ಎರಡು ಎಲೆ ಕರಿಬೇವು ಒಗ್ಗರಣೆ ಕೊಟ್ಟು ಬಿಸಿ ಅನ್ನಕ್ಕೆ ಕಲಸಿ ಕೊಡೋಕೆ ಶುರು ಮಾಡ್ದೆ. ಘಮ ಮೊದಲು, ಖಾರ ಆಮೇಲೆ. ಇಂಗಿನ ವಾಸನೆ ಒಗ್ಗಿದ್ಮೇಲೆ ಚೂರು ಕಾಳುಮೆಣಸಿನ ಪುಡಿ, ಅದೂ ಒಗ್ಗಿದ್ರೆ ಒಂದು ಚಿಟಿಕೆ ಸಾರಿನಪುಡಿ. ಪುಡಿ ಮನೇಲೇ ಮಾಡೋರಾದ್ರೆ ಬ್ಯಾಡಗಿ ಮಾತ್ರ ಹಾಕಿ, ಬಣ್ಣ ಜಾಸ್ತಿ ಖಾರ ಕಮ್ಮಿ, ಗುಂಟೂರು ಬೇಡ.

ಖಾರ ಹತ್ತಿ ಅತ್ರೆ ನೀರು ಕುಡಿಸಿ ಪ್ರಯೋಜನ ಇಲ್ಲ, ಮೆಣಸಿನಕಾಯಿ ಖಾರ ನೀರಲ್ಲಿ ಕರಗಲ್ಲ, ಹಾಲೋ ಮೊಸರೋ ಕೊಡಿ. ಕೈ ತೊಳೆಸೋದು ಮರೀಬೇಡಿ, ಅದೇ ಕೈಲಿ ಕಣ್ಣುಜ್ಜಿಕೊಂಡ್ರೆ ರಾತ್ರಿಯೆಲ್ಲಾ ಜಾಗರಣೆ (ಅನುಭವ!).

ನಿಮ್ಮತ್ತೆ ಉಪ್ಪಿನಕಾಯಿ ನೆಕ್ಕಿಸಿ ಅಂತಾರೆ ಅಂದ್ರಿ, ಅದ್ರಲ್ಲಿ ಖಾರಕ್ಕಿಂತ ಉಪ್ಪೇ ಜಾಸ್ತಿ, ನಾನಂತೂ ಕೊಡ್ಲಿಲ್ಲ. ಉಗಿದ್ರೆ ಬಲವಂತ ಬೇಡ, ನಾಲ್ಕು ದಿನ ಬಿಟ್ಟು ಮತ್ತೆ ಒಂದೇ ತುತ್ತು ಇಡಿ, ನಮ್ಮೋನು ಹತ್ತು ಸಲ ಆದ್ಮೇಲೆ ನುಂಗಿದ್ದು.