ಸ್ವಂತ ಖರ್ಚಿನ ಪುಸ್ತಕ: ಕೈಪಿಡಿಯ ದಾರಿ ಬೇರೆ, ಕಥೆಯ ದಾರಿ ಬೇರೆ

ಪ್ರಶ್ನೆ: ಮಾನ್ಯರೇ, ನಾನು ಶಿವಮೊಗ್ಗದ ಒಂದು ಖಾಸಗಿ ಸಂಸ್ಥೆಯ ಪಂಪ್‌ಸೆಟ್ ದುರಸ್ತಿ ವಿಭಾಗದಲ್ಲಿ 19 ವರ್ಷಗಳಿಂದ ಮೇಲ್ವಿಚಾರಕನಾಗಿದ್ದೇನೆ. ಅಡಿಕೆ ಬೆಳೆಗಾರರಿಗೆ ಉಪಯೋಗವಾಗಲೆಂದು ಮೋಟಾರು, ಸ್ಟಾರ್ಟರು ಮತ್ತು ಸ್ಪ್ರಿಂಕ್ಲರ್‌ಗಳಲ್ಲಿ ಕಾಣಿಸುವ ದೋಷಗಳ ಬಗ್ಗೆ 160 ಪುಟಗಳ ಕೈಪಿಡಿ ಬರೆದಿದ್ದೇನೆ. ವಾರಪತ್ರಿಕೆಗಳಲ್ಲಿ ಬಂದ ನನ್ನ 11 ಕಥೆಗಳೂ ಇವೆ. ಪ್ರಕಾಶಕರೊಬ್ಬರು ಕಥಾಸಂಕಲನ ತರಲು ನನ್ನಿಂದಲೇ 60,000 ರೂಪಾಯಿ ಕೇಳಿ, ಹಕ್ಕುಗಳನ್ನೂ ಬರೆದುಕೊಡಬೇಕೆಂದಿದ್ದಾರೆ. ಮುದ್ರಣಾಲಯದಲ್ಲಿ ವಿಚಾರಿಸಿದಾಗ, ಕೈಪಿಡಿಯ 100 ಪ್ರತಿ ಮಾಡಿಸಿದರೆ ಒಂದಕ್ಕೆ 95 ರೂಪಾಯಿ, 1,000 ಪ್ರತಿ ಮಾಡಿಸಿದರೆ ಒಂದಕ್ಕೆ 48 ರೂಪಾಯಿ ಎಂದರು. ಕೆಲಸ ಬಿಡದೆ ಎರಡನ್ನೂ ನಾನೇ ಪ್ರಕಟಿಸಬಹುದೇ? ಎಷ್ಟು ಪ್ರತಿ ಹಾಕಿಸಲಿ? ಕಾನೂನಿನ ತೊಡಕುಗಳಿವೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಪ್ರಕಟಿಸಬಹುದು. ಆದರೆ ಎರಡನ್ನೂ ಒಂದೇ ಲೆಕ್ಕದಲ್ಲಿ ನೋಡಬೇಡಿ. ಕೈಪಿಡಿಯನ್ನು ಕೊಳ್ಳುವವನು ತೋಟದಲ್ಲಿ ಮೋಟಾರು ನಿಂತುಹೋದಾಗ ಅದನ್ನು ಹುಡುಕಿಕೊಂಡು ಬರುತ್ತಾನೆ. ಅವನಿಗೆ ನಿಮ್ಮ ಹೆಸರು ಗೊತ್ತಿರಬೇಕಾಗಿಲ್ಲ. ಕಥೆಗಳಿಗೆ ಹಾಗೆ ಹುಡುಕಿ ಬರುವವರಿಲ್ಲ. ಓದಿದ ಒಬ್ಬರು ಇನ್ನೊಬ್ಬರಿಗೆ ಹೇಳಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು. ಆದ್ದರಿಂದ ಕೈಪಿಡಿಯನ್ನು ಮೊದಲು ತನ್ನಿ. ಅದರಿಂದ ಬಂದ ಹಣದಲ್ಲಿ, ಅವಸರವಿಲ್ಲದೆ, ಕಥಾಸಂಕಲನವನ್ನು ತನ್ನಿ ಎಂಬುದು ನನ್ನ ಸಲಹೆ.

ಈಗ ಪ್ರತಿಗಳ ಸಂಖ್ಯೆ. 48 ರೂಪಾಯಿಯ ದರ ಆಕರ್ಷಕವಾಗಿ ಕಾಣುತ್ತದೆ, ಏಕೆಂದರೆ ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು ಮತ್ತು ಯಂತ್ರ ಸಿದ್ಧಗೊಳಿಸುವ ಖರ್ಚು ಒಮ್ಮೆ ಮಾತ್ರ ಬೀಳುತ್ತದೆ. ಪ್ರತಿಗಳು ಹೆಚ್ಚಿದಷ್ಟೂ ಆ ಖರ್ಚು ಹಂಚಿಹೋಗುತ್ತದೆ. ಡಿಜಿಟಲ್ ಮುದ್ರಣದಲ್ಲಿ ಆ ಮೊದಲ ಖರ್ಚು ಇಲ್ಲವೆಂದೇ ಹೇಳಬಹುದು, ಹಾಗಾಗಿ ನೂರರಂಥ ಸಣ್ಣ ಸಂಖ್ಯೆಗೆ ಅದೇ ಹೊಂದುತ್ತದೆ. ಪುಸ್ತಕದ ಬೆಲೆ 180 ರೂಪಾಯಿ ಎಂದಿಟ್ಟುಕೊಳ್ಳೋಣ. ಅಂಗಡಿಯವರಿಗೆ ಶೇ. 40 ರಿಯಾಯಿತಿ ಕೊಟ್ಟರೆ ನಿಮ್ಮ ಕೈಗೆ 108 ರೂಪಾಯಿ ಬರುತ್ತದೆ. 1,000 ಪ್ರತಿಗೆ ಹಾಕಿದ 48,000 ರೂಪಾಯಿ ಹಿಂದಿರುಗಲು ಅಂಗಡಿಗಳ ಮೂಲಕ 445 ಪ್ರತಿ ಮಾರಾಟವಾಗಬೇಕು. 100 ಪ್ರತಿಗೆ ಹಾಕುವುದು 9,500 ರೂಪಾಯಿ ಮಾತ್ರ. ನೀವೇ ಕೈಯಾರೆ ಪೂರ್ತಿ ಬೆಲೆಗೆ 53 ಪ್ರತಿ ಮಾರಿದರೆ ಅಸಲು ಬಂದಂತಾಯಿತು. 95 ರೂಪಾಯಿಗೆ ಮಾಡಿಸಿದ ಪ್ರತಿಯನ್ನು ಅಂಗಡಿಗೆ ಕೊಟ್ಟರೆ ಉಳಿಯುವುದು 13 ರೂಪಾಯಿಯಷ್ಟೇ ಆದ್ದರಿಂದ, ಮೊದಲ ನೂರನ್ನು ನೇರವಾಗಿ ಮಾರುವುದೇ ಸರಿ. ಆ ನೂರು ಪ್ರತಿ ಯಾರ ಕೈಗೆ, ಎಷ್ಟು ದಿನದಲ್ಲಿ ಹೋದವು ಎಂಬುದನ್ನು ಬರೆದಿಟ್ಟುಕೊಳ್ಳಿ. ದೊಡ್ಡ ಮುದ್ರಣಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ಆ ಪುಟವೇ ಹೇಳುತ್ತದೆ.

ಮಲೆನಾಡಿನಲ್ಲಿ ಕಡಿಮೆ ಪ್ರತಿ ಹಾಕಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ಮೊದಲ ಪುಸ್ತಕದ 1,000 ಪ್ರತಿಗಳನ್ನು ಹಾಕಿಸಿ ಮನೆಯ ಅಟ್ಟದ ಮೇಲೆ ಇಟ್ಟಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಟ್ಟುಗಳ ಅಂಚಿಗೆ ಬೂಷ್ಟು ಹಿಡಿದು, ರಕ್ಷಾಪುಟಗಳು ಸುರುಳಿಯಾಗಿ, ಕೆಳಗಿನ ಸಾಲಿಗೆ ಗೆದ್ದಲು ಬಂದು ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಕೆಟ್ಟವು. ಆ ನಷ್ಟದ ನೋವು ಇಂದಿಗೂ ಹೋಗಿಲ್ಲ. ದಾಸ್ತಾನು ಇಡಲೇಬೇಕಾದರೆ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಡಿ. ಮುದ್ರಣವನ್ನೂ ಮಳೆ ಬಿಟ್ಟ ಮೇಲೆ ಮಾಡಿಸಿ. ತೋಟಕ್ಕೆ ನೀರು ಹಾಯಿಸುವ ಬೇಸಿಗೆಯೇ ನಿಮ್ಮ ಕೈಪಿಡಿಗೆ ಬೇಡಿಕೆ ಬರುವ ಕಾಲವಾದ್ದರಿಂದ, ಡಿಸೆಂಬರ್ ವೇಳೆಗೆ ಪ್ರತಿಗಳು ಕೈಯಲ್ಲಿರಬೇಕು. ಪುಸ್ತಕದ ಅಂಗಡಿಗಿಂತ ಮೊದಲು ಪಂಪು ಮಾರುವ ಅಂಗಡಿ, ಅಡಿಕೆ ಮಂಡಿ, ಸಹಕಾರ ಸಂಘ ಮತ್ತು ಕೃಷಿ ಮೇಳಗಳಲ್ಲಿ ಇಡಿ. ನಿಮ್ಮ ಓದುಗ ಬಂದು ನಿಲ್ಲುವುದು ಅಲ್ಲಿ.

ಕೈಪಿಡಿಯನ್ನು ಬಳಸುವವರ ಕೈಯಲ್ಲಿ ಗ್ರೀಸು ಇರುತ್ತದೆ, ಪುಸ್ತಕ ನೆಲದ ಮೇಲೆ ತೆರೆದಿರುತ್ತದೆ. ಬರಿಯ ಅಂಟಿನ ಬೈಂಡಿಂಗ್ ಅಷ್ಟಗಲ ತೆರೆದರೆ ಬೆನ್ನು ಬಿರಿಯುತ್ತದೆ. ಫಾರಂಗಳನ್ನು, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಟ್ಟುಗಳನ್ನು, ದಾರದಿಂದ ಹೊಲಿಸಿ. ಡೆಮಿ ಅಷ್ಟದಳ ಎಂಬ ಪುಸ್ತಕದ ಅಳತೆಯಲ್ಲಿ ಒಂದು ಫಾರಂ 16 ಪುಟವಾಗುವುದರಿಂದ ನಿಮ್ಮ 160 ಪುಟ ಸರಿಯಾಗಿ ಹತ್ತು ಫಾರಂ ಆಗುತ್ತದೆ. ಮುನ್ನುಡಿಯನ್ನು ಸೇರಿಸಿ 164 ಮಾಡಿದರೆ ಅನಗತ್ಯವಾಗಿ ಖರ್ಚು ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯುತ್ ಸಂಪರ್ಕದ ಪ್ರತಿಯೊಂದು ಚಿತ್ರವನ್ನೂ ನಿಮ್ಮಷ್ಟೇ ಅನುಭವವಿರುವ ಮತ್ತೊಬ್ಬರಿಂದ ಪರೀಕ್ಷೆ ಮಾಡಿಸಿ. ಕಥೆಯಲ್ಲಿ ಕಾಗುಣಿತ ತಪ್ಪಿದರೆ ಓದುಗನಿಗೆ ಬೇಸರವಾದೀತು. ಮೂರು ಫೇಸಿನ ತಂತಿ ಜೋಡಿಸುವ ಚಿತ್ರ ತಪ್ಪಿದರೆ ಒಬ್ಬರ ಜೀವಕ್ಕೇ ಅಪಾಯ. ವಿದ್ಯುತ್ ಸುರಕ್ಷತೆಯ ಕೇಂದ್ರ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿವೆ. ಆದ್ದರಿಂದ ಮುದ್ರಣದ ವರ್ಷವನ್ನು ಎದ್ದು ಕಾಣುವಂತೆ ಹಾಕಿ, ಪ್ರತಿ ಮರುಮುದ್ರಣದಲ್ಲೂ ವಿಷಯವನ್ನು ಪರಿಷ್ಕರಿಸಿ.

ಹಕ್ಕಿನ ವಿಷಯದಲ್ಲಿ ನಿಮಗೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರಿಯ ಕರ್ತವ್ಯದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮೊದಲ ಒಡೆತನ ಉದ್ಯೋಗದಾತರದ್ದು. ನೀವು ಮನೆಯಲ್ಲಿ ಸ್ವಂತ ಸಮಯದಲ್ಲಿ ಬರೆದಿದ್ದರೂ ವಿಷಯ ನಿಮ್ಮ ಉದ್ಯೋಗದ್ದೇ ಆಗಿರುವುದರಿಂದ, ನೇಮಕಾತಿ ಪತ್ರವನ್ನು ಒಮ್ಮೆ ಓದಿ, ಸಂಸ್ಥೆಯಿಂದ ಆಕ್ಷೇಪಣೆ ಇಲ್ಲವೆಂದು ಬರವಣಿಗೆಯಲ್ಲಿ ಪಡೆಯಿರಿ. ಕಂಪನಿಗಳ ಕೈಪಿಡಿಯ ಚಿತ್ರಗಳನ್ನು ನಕಲು ಮಾಡಬೇಡಿ. ಮೋಟಾರಿನ ತತ್ತ್ವ ಯಾರ ಸ್ವತ್ತೂ ಅಲ್ಲ, ಆದರೆ ಅದನ್ನು ತೋರಿಸುವ ಆ ಚಿತ್ರ ಬರೆಸಿದವರ ಸ್ವತ್ತು. ನಿಮ್ಮ ಚಿತ್ರಗಳನ್ನು ನೀವೇ ಬರೆಯಿರಿ.

ಎರಡನೆಯದು ಆ ಪ್ರಕಾಶಕರ ಪ್ರಸ್ತಾಪ. ಹಣವನ್ನು ನೀವು ಹಾಕಿ ಹಕ್ಕನ್ನು ಅವರಿಗೆ ಕೊಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುವ ಸ್ವತ್ತು ಅದು. ಹವ್ಯಾಸಿಯಾಗಿ ಪತ್ರಿಕೆಗೆ ಕಳುಹಿಸಿದ ಕಥೆಗಳ ಹಕ್ಕು, ನೀವು ಬರೆದುಕೊಟ್ಟಿರದಿದ್ದರೆ, ನಿಮ್ಮಲ್ಲೇ ಇರುತ್ತದೆ. ಮುಂದೆ ಯಾರಿಗಾದರೂ ಹಕ್ಕು ಕೊಡುವುದಾದರೆ ಎಷ್ಟು ವರ್ಷ, ಯಾವ ರೂಪ, ಎಷ್ಟು ಗೌರವಧನ ಎಂದು ಬರೆಸಿಕೊಳ್ಳಿ. ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಭಾವಿಸುತ್ತದೆ.

ಉಳಿದ ವಿಧಿಗಳು ಸುಲಭ. ಐಎಸ್‌ಬಿಎನ್ ಸಂಖ್ಯೆಯನ್ನು (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರೂ ಅರ್ಜಿ ಹಾಕಬಹುದು. ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. ಮುದ್ರಿತ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ಪ್ರಕಾಶಕರು ನೀವೇ ಆಗುವುದರಿಂದ, ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ತಲಾ ಒಂದು ಪ್ರತಿಯನ್ನು ನಿಮ್ಮ ಖರ್ಚಿನಲ್ಲಿ ಕಳುಹಿಸಬೇಕು. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಗ್ರಂಥಾಲಯ ಇಲಾಖೆಯ ಖರೀದಿಗೆ ಅರ್ಜಿ ಹಾಕಿ, ಆದರೆ ಅದನ್ನು ನಂಬಿ ಪ್ರತಿಗಳ ಸಂಖ್ಯೆ ಹೆಚ್ಚಿಸಬೇಡಿ.

ಊರಲ್ಲೇ ಕುಳಿತು ಪುಸ್ತಕ ಮಾಡಲಾದೀತೇ ಎಂಬ ಅಳುಕು ಬೇಡ. ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಹಳ್ಳಿಯಿಂದ ಅಕ್ಷರ ಪ್ರಕಾಶನ ದಶಕಗಳಿಂದ ನಾಡಿಗೆಲ್ಲ ಪುಸ್ತಕ ಕಳುಹಿಸುತ್ತಿದೆ.

ಪ್ರಶ್ನೆ: ನನ್ನ ಕಾದಂಬರಿಯನ್ನು ವರ್ಷಗಳ ಹಿಂದೆ ಹಳೆಯ ‘ನುಡಿ’ ಫಾಂಟಿನಲ್ಲಿ ಡಿಟಿಪಿ ಮಾಡಿಸಿದ್ದೆ. ಈಗ ಇ-ಪುಸ್ತಕ ಮಾಡಲು ಹೋದರೆ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿವೆ. ಮತ್ತೆ ಟೈಪ್ ಮಾಡಿಸಬೇಕೇ?
– ಓದುಗರು, ಸಾಗರ

ಉತ್ತರ: ಬೇಡ ತಾಯಿ. ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿರುತ್ತಾರೆ. ಫಾಂಟು ಇಲ್ಲದ ಕಡೆ ಬರಿಯ ಚಿಹ್ನೆಗಳು ಉಳಿಯುತ್ತವೆ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತಕ್ಕೆ, ತಂದು, ಆಮೇಲೆ ಸಾಲು ಸಾಲಾಗಿ ಕರಡು ತಿದ್ದಿ. ಅರ್ಕಾವತ್ತು ಇರುವ ಪದಗಳನ್ನು ವಿಶೇಷವಾಗಿ ನೋಡಿ: ಹಳೆಯ ಕ್ರಮದಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರವೇ ಮೊದಲು ಬರಬೇಕು, ಪರಿವರ್ತನೆ ಎಡವುವುದು ಇಲ್ಲಿಯೇ. ‘ಪಂಪ್‌ಸೆಟ್’ ಎಂಬಂಥ ಪದಗಳು ‘ಪಂಪ್ಸೆಟ್’ ಆಗಿರುವುದನ್ನೂ ಸರಿಪಡಿಸಬೇಕಾಗುತ್ತದೆ.

ಎಲ್ಲಿ ಪ್ರಕಟಿಸಬೇಕೆಂಬುದನ್ನೂ ಯೋಚಿಸಿ. ಅಮೆಜಾನ್ 2016ರ ಡಿಸೆಂಬರಿನಲ್ಲಿ ತನ್ನ ಇ-ಪುಸ್ತಕ ಸೇವೆ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿದಾಗ ಕನ್ನಡ ಅದರಲ್ಲಿ ಇರಲಿಲ್ಲ ಎಂಬುದು ನಮಗೆಲ್ಲ ನೋವು ತಂದ ಸಂಗತಿ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ನಲ್ಲೂ ಕನ್ನಡ ಪುಸ್ತಕಗಳು ಸಿಗುತ್ತವೆ. ಒಪ್ಪಂದದಲ್ಲಿ ಬೇರೆಲ್ಲೂ ಕೊಡಬಾರದೆಂಬ ಷರತ್ತು ಇದೆಯೇ ಎಂದು ನೋಡಿಕೊಂಡೇ ಒಪ್ಪಿ. ಯುನಿಕೋಡ್ ಪ್ರತಿಯನ್ನು ಡಿಟಿಪಿ ಮಾಡಿದವರಲ್ಲಿ ಮಾತ್ರ ಬಿಡದೆ ನಿಮ್ಮ ಬಳಿಯೂ ಇಟ್ಟುಕೊಳ್ಳಿ.

ಪ್ರಶ್ನೆ: ಅಂಚೆಯಲ್ಲಿ ಪುಸ್ತಕ ಕಳುಹಿಸುವ ಹಳೆಯ ರಿಯಾಯಿತಿ ನಿಂತಿದೆಯಂತೆ. ಈಗ ಏನು ದಾರಿ?
– ಓದುಗರು, ಹೊಸನಗರ

ಉತ್ತರ: ನೋಂದಾಯಿತ ಬುಕ್‌ಪೋಸ್ಟ್ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತದ್ದು ನಿಜ, ಸಣ್ಣ ಪ್ರಕಾಶಕರಿಗೆ ಅದು ದೊಡ್ಡ ಪೆಟ್ಟು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಆರಂಭವಾಗಿದ್ದು, 300 ಗ್ರಾಂವರೆಗೆ 20 ರೂಪಾಯಿಯಿಂದ ಹಿಡಿದು 5 ಕಿಲೋವರೆಗೆ 100 ರೂಪಾಯಿ ದರ ಮತ್ತು ತೆರಿಗೆ ನಿಗದಿಯಾಗಿದೆ. ಪಠ್ಯಕ್ರಮ, ಸ್ಪರ್ಧಾತ್ಮಕ ಪರೀಕ್ಷೆ ಹಾಗೂ ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ವಿಷಯದ ಪುಸ್ತಕಗಳಿಗಾಗಿ ರೂಪಿಸಿದ ಸೇವೆ ಅದು. ಆದ್ದರಿಂದ ಒಂದು ಪ್ರತಿಯನ್ನು ಅಂಚೆ ಕಚೇರಿಯಲ್ಲಿ ತೋರಿಸಿ, ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ. ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದಲ್ಲಿ ಅಚ್ಚಾಗಿರಬೇಕು, ಜಾಹೀರಾತು ಇರಬಾರದು. ತೀರ್ಥಹಳ್ಳಿಯ ಓದುಗರು ಪಂಪಿನ ಅಂಗಡಿಯವರಿಂದ ಹಿಂಬದಿ ಪುಟಕ್ಕೆ ಜಾಹೀರಾತು ಪಡೆಯುವ ಮೊದಲು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.